ನೀರು ಬರುವ ಮುಂಚೆ ಅಳೆದಿಟ್ಟವರು

ಸಂಪಾದಕರಿಗೆ ನಮಸ್ಕಾರ.

ಶರಾವತಿ ಹಿನ್ನೀರು ಇಳಿದು ಮಡೆನೂರು ಡ್ಯಾಂ, ಅಂದರೆ ಹಳೇ ಹಿರೇಭಾಸ್ಕರ ಅಣೆಕಟ್ಟು, ತಲೆ ಎತ್ತಿದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಒಂದು ಫೋಟೊ ಬರುತ್ತದೆ. ಈ ಸಲವೂ ಬಂತು. ಡ್ಯಾಂ ಮೇಲೆ ನಿಂತು ನಾಲ್ಕು ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕೆಳಗೆ ಎರಡು ಸಾಲು. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಮುಳುಗಿತು, ಈಗ ನೋಡಲು ಜನವೋ ಜನ. ಡ್ಯಾಮನ್ನೇ ಡ್ಯಾಂ ನುಂಗಿದ ಕತೆ ಅದು, ಬರೆಯುವವರಿಗೆ ಖುಷಿ ಕೊಡುವಂಥದ್ದೇ. ಆದರೆ ಅದರ ಸುತ್ತ ಇದ್ದ ಊರುಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಬರೆಯೋಣ ಅಂದರೂ ನಿಮ್ಮ ವರದಿಗಾರರ ಕೈಗೆ ಸಿಗುವುದಾದರೂ ಏನು? ಅದನ್ನೇ ಹೇಳಲು ಕೂತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ವಾರಕ್ಕೆ ಒಂದೇ ಪೀರಿಯಡ್ ಸಿಗುತ್ತಿತ್ತು, ಅದನ್ನೂ ಗಣಿತದವರು ಕಸಿದುಕೊಳ್ಳುತ್ತಿದ್ದರು. ಮಾತು ಬಾಕಿ ಉಳಿದಿದೆ.

ನಮ್ಮದು ಶರಾವತಿ ದಡದ ಕರೂರು ಸೀಮೆ. ಊರಿನ ಹೆಸರು ಬರೆಯುವುದಿಲ್ಲ. ಒಂದು ಊರಿನ ಹೆಸರು ಬರೆದರೆ ಪಕ್ಕದ ಊರಿನವರು ನಮ್ಮದೇಕೆ ಬಿಟ್ಟೆ ಅನ್ನುತ್ತಾರೆ, ಅವರ ಮಾತು ನ್ಯಾಯವೇ. ಲಿಂಗನಮಕ್ಕಿ ನೀರಿಗೆ ಊರು ಬಿಡುವಾಗ ನನಗೆ ಐದು ವರ್ಷ. ನೆನಪಿರುವುದು ಒಂದೇ ದೃಶ್ಯ. ಲಾರಿ. ಲಾರಿಯಲ್ಲಿ ಒರಳುಕಲ್ಲು. ಅದು ಉರುಳಬಾರದು ಅಂತ ಅದಕ್ಕೆ ಒರಗಿಸಿ ನನ್ನನ್ನು ಕೂರಿಸಿದ್ದರು. ನಾನು ಬೀಳಬಾರದು ಅಂತ ಅಲ್ಲ, ಕಲ್ಲು ಉರುಳಬಾರದು ಅಂತ! ಶಿವಮೊಗ್ಗದ ಕಡೆಯ ಬಯಲಿಗೆ ಬಂದು ಇಳಿದೆವು. ಆಮೇಲೆ ಓದು, ನೌಕರಿ, ಸಾಗರದಲ್ಲಿ ಮನೆ. ಹಿನ್ನೀರಿನ ದಡಕ್ಕೆ ನೂರು ಸಲ ಹೋಗಿದ್ದೇನೆ. ಹೊಳೆಬಾಗಿಲಿನಿಂದ ಲಾಂಚಿನಲ್ಲಿ ಅದನ್ನು ದಾಟಿದ್ದೇನೆ. ನಮ್ಮ ಮನೆ ಲಾಂಚಿನ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಅರವತ್ತು ವರ್ಷ ನನಗೆ ಗೊತ್ತಿರಲಿಲ್ಲ. ಕೇಳಬೇಕು ಅಂತಲೂ ಅನಿಸಿರಲಿಲ್ಲ ನೋಡಿ.

ಅನಿಸಿದ್ದು ಬಲ್ಗೇರಿಯಾದಲ್ಲಿ.

ಮಗಳು ಅಲ್ಲಿನ ರಾಜಧಾನಿ ಸೋಫಿಯಾದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಗುಲಾಬಿ ಕಾಲಕ್ಕೆ ಬನ್ನಿ ಅಂತ ಟಿಕೆಟ್ ಕಳಿಸಿದಳು. ಮೇ ತಿಂಗಳ ಕೊನೆಗೆ ನಾನೂ ನನ್ನ ಹೆಂಡತಿಯೂ ಹೋದೆವು. ಅಲ್ಲಿಂದ ಕಾರಿನಲ್ಲಿ ಕಜನ್ಲಕ್ ಎಂಬ ಊರಿಗೆ ಕರೆದುಕೊಂಡು ಹೋದಳು. ನಮ್ಮ ಸಾಗರಕ್ಕಿಂತ ಸ್ವಲ್ಪ ಸಣ್ಣ ಊರು, ಅಂಥಾ ಪೇಟೆ ಅಲ್ಲ. ಉತ್ತರಕ್ಕೆ ಬಾಲ್ಕನ್ ಬೆಟ್ಟಸಾಲು, ಕೆಳಗೆ ಉದ್ದಕ್ಕೆ ಗುಲಾಬಿ ತೋಟ. ಬೆಳಗಿನ ಜಾವ ಇಬ್ಬನಿ ಇರುವಾಗಲೇ ಹೂ ಕೀಳುತ್ತಾರೆ, ಬಿಸಿಲೇರಿದರೆ ಎಣ್ಣೆ ಹಾರಿಹೋಗುತ್ತದಂತೆ. ಒಂದು ಕಿಲೋ ಅತ್ತರಿಗೆ ಮೂರು ಸಾವಿರ ಕಿಲೋಗೂ ಜಾಸ್ತಿ ಎಸಳು ಬೇಕು. ನಮ್ಮ ಅಡಿಕೆ ಕೊನೆ ಕೊಯ್ಯುವ ಕಾಲದ ಗಡಿಬಿಡಿಯೇ ಅಲ್ಲಿಯೂ. 1903ರಿಂದ ಗುಲಾಬಿ ಹಬ್ಬ ಮಾಡುತ್ತಿದ್ದಾರೆ.

ಒಂದು ತಮಾಷೆ ಹೇಳಿಬಿಡುತ್ತೇನೆ. ಬಲ್ಗೇರಿಯಾದವರು ಹೌದು ಅನ್ನುವುದಕ್ಕೆ ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ. ಇಲ್ಲ ಅನ್ನುವುದಕ್ಕೆ ಮೇಲಕ್ಕೆತ್ತುತ್ತಾರೆ. ನಮ್ಮದಂತೂ ಹೌದೂ ಅಲ್ಲ, ಇಲ್ಲವೂ ಅಲ್ಲದ ಆಟ. ಒಂದು ಅಂಗಡಿಯಲ್ಲಿ ನಾನೂ ಅಂಗಡಿಯಾಕೆಯೂ ಐದು ನಿಮಿಷ ಸುಮ್ನೆ ತಲೆ ಆಡಿಸಿಕೊಂಡು ನಿಂತಿದ್ದೆವು. ಕೊನೆಗೆ ಎರಡು ಡಬ್ಬಿ ಮೊಸರು ಕೊಟ್ಟಳು, ನಾನು ಕೇಳಿದ್ದು ಒಂದು. ಮೊಸರು ಮಾತ್ರ ನಮ್ಮ ಮಲೆನಾಡು ಗಿಡ್ಡದ ಹಾಲಿನ ಮೊಸರಿನಷ್ಟೇ ಚೆಂದ ಇತ್ತು.

ವಿಷಯಕ್ಕೆ ಬರುತ್ತೇನೆ. ಆ ಕಣಿವೆಯ ತುಂಬ ಮಣ್ಣಿನ ದಿಬ್ಬಗಳು. ಸಾವಿರಕ್ಕೂ ಮೇಲೆ ಇವೆ. ಹೊಲದ ನಡುವೆ, ರಸ್ತೆ ಬದಿಗೆ, ದೊಡ್ಡ ಹುತ್ತದ ಹಾಗೆ. ಕ್ರಿಸ್ತನಿಗಿಂತ ಹಿಂದೆ ಅಲ್ಲಿ ಥ್ರೇಸಿಯನ್ನರು ಎಂಬ ಜನ ಇದ್ದರು. ಅವರ ಅರಸರನ್ನೂ ದೊಡ್ಡ ಮನುಷ್ಯರನ್ನೂ ಹೂತ ದಿಬ್ಬಗಳು ಅವು. 1944ರಲ್ಲಿ, ಯುದ್ಧದ ಕಾಲ, ಕಜನ್ಲಕ್‌ನ ಒಂದು ಗುಡ್ಡದಲ್ಲಿ ಸೈನಿಕರು ಗುಂಡಿ ತೋಡುತ್ತಿದ್ದರು. ಗುದ್ದಲಿಗೆ ಕಟ್ಟಡ ಸಿಕ್ಕಿತು. ಒಳಗೆ ಒಂದು ಸಣ್ಣ ಮುಂಕೋಣೆ, ಒಂದು ಇಕ್ಕಟ್ಟಾದ ಓಣಿ, ಕೊನೆಗೆ ಜೇನುಗೂಡಿನ ಆಕಾರದ ದುಂಡನೆಯ ಇಟ್ಟಿಗೆ ಕೋಣೆ. ಕೋಣೆ ಅಂದರೆ ಎಷ್ಟು? ಅಡ್ಡಗಲ ಎರಡೂವರೆ ಮೀಟರ್ ದಾಟಿ ಸ್ವಲ್ಪ. ನಮ್ಮ ಹಳೇ ಮನೆಗಳ ಬಚ್ಚಲು ಅದಕ್ಕಿಂತ ದೊಡ್ಡದು. ಆದರೆ ಗೋಡೆಯ ತುಂಬ, ಮಾಡಿನ ತುಂಬ ಚಿತ್ರ. 2300 ವರ್ಷ ಹಳೆಯದು. ಯುನೆಸ್ಕೊದವರು 1979ರಲ್ಲಿ ಅದನ್ನು ತಮ್ಮ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು.

ನಾನು ಆ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ನನ್ನ ಹೆಂಡತಿ ಎರಡು ಸಲ ಹೊರಗೆ ಹೋಗಿ ಬಂದಳು. ಒಬ್ಬ ಗಂಡಸು, ಒಬ್ಬಳು ಹೆಂಗಸು. ನಡುವೆ ಊಟದ ಮೇಜು. ಅವನು ಅವಳ ಕೈ ಹಿಡಿದಿದ್ದಾನೆ. ಬೆರಳಲ್ಲ, ಮಣಿಕಟ್ಟು. ಅವಳು ತಲೆ ತಗ್ಗಿಸಿದ್ದಾಳೆ. ಸುತ್ತ ಆಳುಕಾಳು, ಕುದುರೆಗಳು, ತಲೆಯ ಮೇಲೆ ಮಾಡಿನ ತುದಿಯಲ್ಲಿ ಓಡುವ ರಥಗಳು. ಸತ್ತವರ ಮನೆಯ ಚಿತ್ರ, ಆದರೆ ಮದುವೆಮನೆಯ ಹಾಗೆ ಕಾಣುತ್ತದೆ. ಬರೆದವನಿಗೆ ಕುದುರೆಯ ಕಾಲು ಹೇಗೆ ಮಡಚುತ್ತದೆ ಅಂತ ಗೊತ್ತಿತ್ತು. ಅದು ಎಲ್ಲರಿಗೂ ಬರುವುದಿಲ್ಲ, ಹೇಳಿಕೊಟ್ಟವನಾಗಿ ಹೇಳುತ್ತೇನೆ.

ಮತ್ತೆ ಬಣ್ಣ. ಕೆಂಪು, ಕಪ್ಪು, ಹಳದಿ, ಬಿಳಿ. ಮುಖ್ಯವಾಗಿ ಅವು ನಾಲ್ಕೇ. ನನಗೆ ಮೈ ಜುಂ ಅಂತು. ಯಾಕೆಂದರೆ ಅದು ನಮ್ಮಮ್ಮನ ಹಸೆ ಚಿತ್ತಾರದ ಬಣ್ಣ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ನೆನೆಸಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಅಂದರೆ ಪುಂಡಿ ನಾರು. ಮದುವೆ ಬಂತೆಂದರೆ ಹೆಂಗಸರು ಗೋಡೆಯ ಮುಂದೆ ಕೂರುತ್ತಿದ್ದರು. ಗಂಡು ಹೆಣ್ಣು ಆ ಗೋಡೆಯ ಮುಂದೆ ಹಸೆಗೆ ಏರುತ್ತಿದ್ದರು. ಕಜನ್ಲಕ್‌ನ ಚಿತ್ರಕ್ಕೂ ನಮ್ಮ ಚಿತ್ತಾರಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾಳೆ ವಾಟ್ಸಾಪಿನಲ್ಲಿ ಥ್ರೇಸಿಯನ್ನರು ಸಾಗರದಿಂದ ಹೋದವರು ಅಂತ ಬರುತ್ತದೆ. ಮಣ್ಣು, ಮಸಿ, ಸುಣ್ಣ ಎಲ್ಲ ಕಡೆ ಸಿಗುತ್ತವೆ, ಅಷ್ಟೇ. ಆದರೂ ಹೊಟ್ಟೆಯಲ್ಲಿ ಏನೋ ಆಯಿತು.

ಈಗ ಮುಖ್ಯವಾದದ್ದು ಕೇಳಿ. ನಾನು ನೋಡಿದ್ದು ಅಸಲಿ ಅಲ್ಲ. ನಕಲು! ಅಸಲಿಯನ್ನು ಪಕ್ಕದಲ್ಲೇ ಒಂದು ಕಟ್ಟಡದೊಳಗೆ ಇಟ್ಟು, ಗಾಳಿ ತೇವ ಎಲ್ಲ ಹದದಲ್ಲಿಟ್ಟು ಕಾಯುತ್ತಾರೆ. ಜನರ ಉಸಿರಿನ ತೇವಕ್ಕೇ ಬಣ್ಣ ಹಾಳಾಗುತ್ತದೆ ಅಂತ ಭಯ. ಅದಕ್ಕೆ 1974ರಲ್ಲಿ ನಾಲ್ಕು ಹೆಜ್ಜೆ ಆಚೆ ಅದೇ ಅಳತೆಯ ಇನ್ನೊಂದು ಗೋರಿ ಕಟ್ಟಿ, ಗೆರೆಗೆ ಗೆರೆ ಹೊಂದಿಸಿ ಬರೆದು, ಬನ್ನಿ ನೋಡಿ ಅಂದರು. ಮೊದಲು ನನಗೆ ಮೋಸ ಹೋದ ಹಾಗೆ ಅನಿಸಿತು. ಏಳು ಸಾವಿರ ಕಿಲೋಮೀಟರ್ ಬಂದು ನಕಲು ನೋಡುವುದಾ ಅಂತ. ಆಮೇಲೆ ಯೋಚನೆ ಮಾಡಿದೆ. ಅಲ್ಲಿ ಒಬ್ಬ ಹುಡುಗ, ಎಂಟು ವರ್ಷದವನಿರಬೇಕು, ಗೋಡೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು ಕುದುರೆ ಎಣಿಸುತ್ತಿದ್ದ. ಯಾರೂ ಗದರಲಿಲ್ಲ. ನಕಲಿಗೆ ಆ ಸುಖ ಇದೆ.

ನಾನು ಮಕ್ಕಳನ್ನು ಕರೆದುಕೊಂಡು ಎಷ್ಟು ಸಲ ತಾಳಗುಂದಕ್ಕೆ ಹೋಗಿದ್ದೇನೆ. ಪ್ರಣವೇಶ್ವರ ಗುಡಿಯ ಮುಂದೆ ಕಂಬ. ಕುಬ್ಜ ಎಂಬ ಕವಿಯ ಸಂಸ್ಕೃತ ಕಾವ್ಯ ಅದರ ಮೇಲಿದೆ. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆದದ್ದು, ಓದು ಬಿಟ್ಟು ಕತ್ತಿ ಹಿಡಿದದ್ದು, ಎಲ್ಲ ಆ ಕಂಬದಲ್ಲಿದೆ. ಕದಂಬರ ಕತೆ ನಮಗೆ ಗೊತ್ತಾಗಿದ್ದೇ ಅದರಿಂದ. ಮಕ್ಕಳು ಬರುತ್ತಾರೆ, ಕಂಬ ಸುತ್ತುತ್ತಾರೆ, ಮುಟ್ಟಬೇಡಿ ಅನ್ನಿಸಿಕೊಳ್ಳುತ್ತಾರೆ, ಚಿತ್ರಾನ್ನ ತಿಂದು ಬಸ್ ಹತ್ತುತ್ತಾರೆ. ಪಕ್ಕದಲ್ಲೇ ಅದೇ ಕಂಬದ ಒಂದು ನಕಲು ನಿಲ್ಲಿಸಿದರೆ? ಮುಟ್ಟಿ ನೋಡಲಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಕ್ಷರ ಎತ್ತಿಕೊಳ್ಳಲಿ. ತಲೆಯ ಮೇಲೆ ಪುಟ್ಟ ಪೆಟ್ಟಿಗೆ ಇಟ್ಟುಕೊಂಡಂಥ ಆ ಅಕ್ಷರ ಮಕ್ಕಳಿಗೆ ಎಷ್ಟು ಇಷ್ಟ ಆಗುತ್ತದೆ ಗೊತ್ತಾ? ಕಲ್ಲು ಕೆತ್ತುವವರು, ಮರ ಕೆತ್ತುವ ಗುಡಿಗಾರರು ಇರುವ ಜಿಲ್ಲೆ ನಮ್ಮದು. ನಕಲು ಮಾಡಲು ಬೇರೆ ದೇಶದವರನ್ನು ಕರೆಸಬೇಕಾಗಿಲ್ಲ.

ಆದರೆ ನಾನು ಬರೆಯಹೊರಟದ್ದು ಇದಲ್ಲ. ಕಜನ್ಲಕ್‌ನಿಂದ ಪಶ್ಚಿಮಕ್ಕೆ ಏಳೆಂಟು ಕಿಲೋಮೀಟರ್ ಹೋದರೆ ಕೊಪ್ರಿಂಕ ಎಂಬ ಜಲಾಶಯ ಇದೆ. ತುಂಜಾ ನದಿಗೆ ಕಟ್ಟಿದ್ದು. ಸಂಜೆ ಹೋದೆವು. ದಡದಲ್ಲಿ ನಿಂತ ಕೂಡಲೇ ಹೆಂಡತಿ ಅಂದಳು, "ಅಯ್ಯೋ, ಇದು ಹೊಳೆಬಾಗಿಲೇ." ಹೌದು, ಹಾಗೇ ಇತ್ತು. ಅದೇ ಅಲುಗಾಡದ ನೀರು, ನೀರಿನ ಅಂಚಿಗೆ ಅದೇ ಬೋಳು ಮಣ್ಣಿನ ಪಟ್ಟಿ. ಮಗಳು ಚೀಲದಿಂದ ಒಂದು ಕಾಗದ ತೆಗೆದಳು. ಮನೆಯಲ್ಲೇ ಪ್ರಿಂಟ್ ಹಾಕಿಕೊಂಡು ಬಂದಿದ್ದಳು. "ಅಪ್ಪ, ಈ ನೀರಿನ ಕೆಳಗೆ ಇದು ಇದೆ" ಅಂದಳು.

ಅದು ಒಂದು ಊರಿನ ನಕ್ಷೆ. ಸ್ಯೂತೊಪೊಲಿಸ್ ಅಂತ ಹೆಸರು. ಮೂರನೇ ಸ್ಯೂತಸ್ ಎಂಬ ಥ್ರೇಸಿಯನ್ ಅರಸ ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಕೊನೆಯಲ್ಲಿ ಕಟ್ಟಿದ ರಾಜಧಾನಿ. ಡ್ಯಾಂ ಕಟ್ಟುವ ಕೆಲಸ ನಡೆಯುವಾಗ, 1948ರಲ್ಲಿ, ಅದರ ಗುರುತು ಸಿಕ್ಕಿತು. 1948! ನಮ್ಮ ಹಿರೇಭಾಸ್ಕರ ಡ್ಯಾಂ ಮುಗಿದ ವರ್ಷ. ಡ್ಯಾಂ ನಿಲ್ಲಿಸಲಿಲ್ಲ ಅವರು. ಕಮ್ಯುನಿಸ್ಟ್ ಸರ್ಕಾರ, ನೀರಾವರಿ ಬೇಕು, ಕರೆಂಟು ಬೇಕು. ಆದರೆ ನೀರು ನಿಲ್ಲಿಸುವ ಮುಂಚೆ ಆರು ವರ್ಷ, 1954ರ ತನಕ, ದಿಮಿತರ್ ದಿಮಿತ್ರೊವ್ ಎಂಬ ವಿದ್ವಾಂಸರ ಮುಂದಾಳ್ತನದಲ್ಲಿ ಆ ಊರನ್ನು ಅಗೆದು, ಅಳೆದು, ಬರೆದಿಟ್ಟರು. ಆಮೇಲೆ ನೀರು ಬಿಟ್ಟರು.

ನಕ್ಷೆ ನೋಡುವುದು ನನ್ನ ಕಸುಬು. ದಡದ ಕಲ್ಲಿನ ಮೇಲೆ ಕೂತು ನೋಡಿದೆ. ಐದು ಮೂಲೆಯ ಕೋಟೆ ಗೋಡೆ, ಸುತ್ತಳತೆ 890 ಮೀಟರ್. ಒಳಗೆ ಐದು ಹೆಕ್ಟೇರಿನಷ್ಟು ಜಾಗ. ಎರಡು ಹೆಬ್ಬಾಗಿಲು. ಬೀದಿಗಳು ನೇರ, ಒಂದನ್ನೊಂದು ಚೌಕಕ್ಕೆ ಕತ್ತರಿಸುತ್ತವೆ. ನಡುವೆ ಸಂತೆ ಚೌಕ. ಒಂದು ಮೂಲೆಗೆ ಬೇರೆ ಗೋಡೆ ಹಾಕಿ ಅರಸನ ಮನೆ. ಉಳಿದ ಮನೆಗಳಿಗೆ ನಡುವೆ ಅಂಗಳ. ಕಲ್ಲಿನ ಪಂಚಾಂಗ, ಮೇಲೆ ಹಸಿ ಇಟ್ಟಿಗೆ, ಮರ. ಅಂದರೆ ನಮ್ಮ ಮನೆಗಳ ಹಾಗೇ! ಒಂದೊಂದು ಮನೆಯ ಬಾಗಿಲು ಯಾವ ಕಡೆ ಅಂತಲೂ ಗೊತ್ತಾಗುತ್ತದೆ. ಒಂದು ಉದ್ದನೆಯ ಗ್ರೀಕ್ ಶಾಸನವೂ ಅಲ್ಲಿ ಸಿಕ್ಕಿತು, ಅದರಲ್ಲಿ ಅರಸನ ಹೆಂಡತಿ ಬೆರೆನೀಕೆಯ ಹೆಸರಿದೆ.

2300 ವರ್ಷದ ಹಿಂದೆ ಸತ್ತವಳು ಆ ಹೆಂಗಸು. ಅವಳ ಮನೆ ಯಾವ ಮೂಲೆಗಿತ್ತು ಅಂತ ನನಗೆ ಆ ಕಾಗದ ತೋರಿಸಿತು. ನಮ್ಮಮ್ಮ ಸಾಗರದಲ್ಲಿ ಟಿವಿ ಮುಂದೆ ಕೂತಿದ್ದಾಳೆ. ಅವಳ ಮನೆ ಎಲ್ಲಿತ್ತು ಅಂತ ನನಗೆ ಗೊತ್ತಿಲ್ಲ. ಆ ದಡದಲ್ಲಿ ಕೂತು ನನಗೆ ನಾಚಿಕೆ ಆಯಿತು. ಸರ್ಕಾರದ ಮೇಲೆ ಸಿಟ್ಟು ಬಂತು ಅಂತ ಬರೆದರೆ ಪತ್ರಿಕೆಗೆ ಚೆನ್ನಾಗಿರುತ್ತದೆ. ಆದರೆ ಬಂದದ್ದು ನಾಚಿಕೆ.

ಒಂದು ವಾದ ಇದೆ, ನಾನೇ ಹೇಳಿಬಿಡುತ್ತೇನೆ. ಅದು ರಾಜಧಾನಿ, ಅದಕ್ಕೆ ಅಳೆದರು. ನಮ್ಮಲ್ಲಿ ಮುಳುಗಿದ್ದು ಹತ್ತು ಮನೆ ಇಪ್ಪತ್ತು ಮನೆಯ ಊರುಗಳು. ಅರಸ ಇಲ್ಲ, ಶಾಸನ ಇಲ್ಲ, ಚಿನ್ನದ ಕಿರೀಟ ಇಲ್ಲ. ಸರಿ. ಕೆಳದಿ, ಇಕ್ಕೇರಿ, ಬಿದನೂರು ಅಂತ ನಮ್ಮ ಅರಸರ ಊರುಗಳು ಮೇಲೆಯೇ ಉಳಿದವು. ಇಕ್ಕೇರಿಯ ಅಘೋರೇಶ್ವರ ಗುಡಿ ನನ್ನ ಮನೆಯಿಂದ ಸೈಕಲ್ ದೂರ. ಬಿದನೂರು ನಗರದ ಕೋಟೆ, 1763ರಲ್ಲಿ ಹೈದರಾಲಿ ಹಿಡಿದದ್ದು, ಇವತ್ತಿಗೂ ಹತ್ತಿ ನೋಡಬಹುದು. ಅವುಗಳಿಗೆ ಪುಸ್ತಕ ಇದೆ, ಬೋರ್ಡ್ ಇದೆ. ಆದರೆ ಆ ಅರಸರಿಗೆ ಮೆಣಸು ಬೆಳೆದು ಕೊಟ್ಟವರು, ಭತ್ತ ಕೊಟ್ಟವರು ಇಂಥ ಊರಿನವರೇ ಅಲ್ವಾ? ನಮ್ಮ ಮನೆಯಲ್ಲಿ ಪರಿಹಾರದ ಹಳೇ ಕಾಗದ ಇದೆ. ಅದರಲ್ಲಿ ಎಕರೆ ಇದೆ, ಗುಂಟೆ ಇದೆ, ರೂಪಾಯಿ ಇದೆ. ಸರ್ವೆ ನಕ್ಷೆಯೂ ಯಾವುದೋ ಬೀರುವಿನಲ್ಲಿ ಇದ್ದೀತು. ಅದರಲ್ಲಿ ನಂಬರ್ ಇರುತ್ತದೆ. ಜಗಲಿ ಇರುವುದಿಲ್ಲ, ಚೌಡಿ ಬನ ಇರುವುದಿಲ್ಲ. ಸಂಕ ದಾಟಿ ಶಾಲೆಗೆ ಹೋಗುವ ಕಾಲುದಾರಿ ಇರುವುದಿಲ್ಲ. ಕಜನ್ಲಕ್‌ನಲ್ಲಿ ಒಂದು ಪುಟ್ಟ ಕೋಣೆಯ ಚಿತ್ರಕ್ಕೆ ಅಷ್ಟು ಕಾವಲು. ಇಲ್ಲಿ ಎಷ್ಟು ಮನೆಗಳ ಚಿತ್ತಾರ ಕೆಮ್ಮಣ್ಣಿನ ಜೊತೆ ಕರಗಿ ಶರಾವತಿಗೆ ಹೋಯಿತೋ ಯಾರು ಎಣಿಸಿದರು?

ಅಲ್ಲಿ ಎಲ್ಲವೂ ಸರಿ ಇದೆ ಅಂತ ತಿಳಿಯಬೇಡಿ. ಮುಳುಗಿದ ಆ ರಾಜಧಾನಿಯ ಸುತ್ತ ನೀರಿನೊಳಗೇ ದುಂಡಗೆ ಒಂದು ಗೋಡೆ ಕಟ್ಟಿ, ಒಳಗಿನ ನೀರು ತೆಗೆದು, ಊರನ್ನು ಮತ್ತೆ ಕಾಣಿಸೋಣ ಅಂತ ಝೆಕೊ ತಿಲೆವ್ ಎಂಬ ವಾಸ್ತುಶಿಲ್ಪಿ ಸುಮಾರು ಇಪ್ಪತ್ತು ವರ್ಷದ ಹಿಂದೆಯೇ ಚಿತ್ರ ಬರೆದುಕೊಟ್ಟರು. ಕೆರೆಯ ನಡುವೆ ಬಾವಿ ಕಟ್ಟಿದ ಹಾಗೆ, ಬಾವಿಯ ತಳದಲ್ಲಿ ಊರು. ಚಿತ್ರ ಬಹಳ ಚೆಂದ. ಗೋಡೆ ಇನ್ನೂ ಎದ್ದಿಲ್ಲ. ದುಡ್ಡು ಎಲ್ಲಿಂದ ಬರಬೇಕು? ಇದು ನಮಗೂ ಗೊತ್ತಿರುವ ಕತೆ.

ನಿಧಿಗಳ್ಳರ ಕಾಟವೂ ಅಲ್ಲಿ ಧಾರಾಳ ಇದೆ. ಸಾವಿರ ದಿಬ್ಬ ಯಾರು ಕಾಯುತ್ತಾರೆ? ರಾತ್ರಿ ಲೋಹ ಹುಡುಕುವ ಯಂತ್ರ ಹಿಡಿದು ಬರುತ್ತಾರೆ. ಗ್ಯೋರ್ಗಿ ಕಿತೊವ್ ಅಂತ ಒಬ್ಬ ಪುರಾತತ್ವದವರಿದ್ದರು. ಕಳ್ಳರಿಗಿಂತ ಮುಂಚೆ ನಾವು ಮುಟ್ಟಬೇಕು ಅಂತ ಹಠ ಹಿಡಿದು, ದೊಡ್ಡ ದೊಡ್ಡ ಮಣ್ಣು ತೆಗೆಯುವ ಯಂತ್ರ ಹಚ್ಚಿ ದಿಬ್ಬ ಬಿಡಿಸುತ್ತಿದ್ದರಂತೆ. ಜೊತೆಯವರೇ ಬೈದರು, ಹೀಗೆ ಅಗೆಯುವುದು ವಿದ್ಯೆ ಅಲ್ಲ ಅಂತ. 2004ರಲ್ಲಿ ಅವರೇ ಗೊಲ್ಯಾಮ ಕೊಸ್ಮತ್ಕ ಎಂಬ ದಿಬ್ಬದಲ್ಲಿ ಅದೇ ಸ್ಯೂತಸ್ ಅರಸನ ಗೋರಿಯನ್ನು ಪತ್ತೆ ಮಾಡಿದರು. ಊರು ನೀರೊಳಗೆ, ಅರಸ ದಿಬ್ಬದೊಳಗೆ. ಬಾಗಿಲ ಮುಂದೆ ಹೂತಿಟ್ಟ ಅರಸನ ಕಂಚಿನ ತಲೆ ಸಿಕ್ಕಿತು. ಕಣ್ಣು ಇನ್ನೂ ನೋಡುತ್ತಿರುವ ಹಾಗಿದೆ, ಗಡ್ಡದ ಒಂದೊಂದು ಎಳೆಯೂ ಕಾಣುತ್ತದೆ. ಓಕ್ ಎಲೆಯ ಚಿನ್ನದ ಕಿರೀಟ, ಅಮೃತಶಿಲೆಯ ಬಾಗಿಲು, ಒಂದು ಕುದುರೆಯ ಮೂಳೆ. ಒಳಗಿನ ಕೋಣೆಯನ್ನು ಭಾರೀ ಬಂಡೆಯಲ್ಲೇ ಕೊರೆದಿದ್ದಾರೆ. ಆ ತಲೆ ಈಗ ಸೋಫಿಯಾದ ಮ್ಯೂಸಿಯಂನಲ್ಲಿದೆ. ಕಿತೊವ್ ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನ ಮಾಡಲು ಆಗಿಲ್ಲ. ಅವಸರದ ಕೆಲಸ ನನಗೆ ಆಗದು. ಆದರೆ ಕಳ್ಳನೂ ಅವಸರದಲ್ಲೇ ಇರುತ್ತಾನೆ.

ನಮ್ಮ ಕಡೆ ನಂದಿಯ ಕೆಳಗೆ, ಪಾಳು ಗುಡಿಯ ಪಾಣಿಪೀಠದ ಕೆಳಗೆ ನಿಧಿ ಆಸೆಗೆ ಅಗೆದ ಗುಂಡಿ ನೋಡದವರು ಯಾರಿದ್ದಾರೆ? ಅಮಾವಾಸ್ಯೆ ಮರುದಿನ ಹೋದರೆ ನಿಂಬೆಹಣ್ಣು, ಕುಂಕುಮ, ಹೊಸ ಮಣ್ಣು. ನಿಧಿಗಳ್ಳನಿಗಾದರೂ ಕಲ್ಲಿನಲ್ಲಿ ಏನೋ ಇದೆ ಅನ್ನುವ ನಂಬಿಕೆ ಇದೆ. ಉಳಿದವರಿಗೆ ಅದೂ ಇಲ್ಲ. ಕೆಲವು ವರ್ಷದ ಹಿಂದೆ ಒಂದು ತೋಟದ ಹಳ್ಳಕ್ಕೆ ಸಂಕ ಹಾಕಿದ್ದರು, ಚಪ್ಪಡಿ ಕಲ್ಲು. ದಾಟುವಾಗ ಬಗ್ಗಿ ಅಡಿಗೆ ನೋಡಿದೆ. ವೀರಗಲ್ಲು. ಮೂರು ಪಟ್ಟಿ, ಕೆಳಗೆ ಹಸು ಕಾಯಲು ಹೋರಾಡಿದವನು, ಮೇಲೆ ಅಪ್ಸರೆಯರು, ಎಲ್ಲ ತಲೆಕೆಳಗು. ಒಂದು ಕಚೇರಿಗೆ ಕಾಗದ ಬರೆದೆ, ಚಿತ್ರ ಬರೆದು ಲಗತ್ತಿಸಿದೆ. ಉತ್ತರ ಇಲ್ಲ. ಖುದ್ದು ಹೋದೆ. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಯಾರ ವ್ಯಾಪ್ತಿ ಅಂದರೆ ಅದೂ ಗೊತ್ತಿಲ್ಲ. ಕೊನೆಗೆ ತೋಟದ ಯಜಮಾನರಿಗೇ ಹೇಳಿದೆ. ಅವರು ಎರಡು ಸಿಮೆಂಟ್ ಪೈಪ್ ತಂದು ಹಾಕಿ, ಕಲ್ಲನ್ನು ಎತ್ತಿ ದಣಪೆಯ ಪಕ್ಕ ನಿಲ್ಲಿಸಿದರು. ಒಂದು ಮಧ್ಯಾಹ್ನದ ಕೆಲಸ. ನಾಲ್ಕು ಜನ, ಒಂದು ಹಾರೆ, ಆಮೇಲೆ ಬೆಲ್ಲದ ಕಾಫಿ.

ಕಜನ್ಲಕ್ ಸುತ್ತ ಇನ್ನೂ ಬೇಕಾದಷ್ಟು ನೋಡಿದೆವು. ಶಿಪ್ಕ ಕಣಿವೆಯಲ್ಲಿ ತುರ್ಕರ ವಿರುದ್ಧ 1877ರಲ್ಲಿ ನಡೆದ ಕಾದಾಟದ ನೆನಪಿಗೆ ಚಿನ್ನದ ಗುಮ್ಮಟದ ಚರ್ಚು ಇದೆ, 1902ರದ್ದು. ಯುದ್ಧಭೂಮಿಯಲ್ಲಿ ಆಯ್ದ ಕಾಡತೂಸಿನ ಚಿಪ್ಪು ಕರಗಿಸಿ ಅದರ ಗಂಟೆ ಎರೆದಿದ್ದಾರೆ. ಮೇಲೆ ಬುಜ್ಲುಜ ಎಂಬ ಬೆಟ್ಟದ ತುದಿಯಲ್ಲಿ ಹಾರುವ ತಟ್ಟೆಯ ಆಕಾರದ ಕಾಂಕ್ರೀಟ್ ಕಟ್ಟಡ. ಕಮ್ಯುನಿಸ್ಟ್ ಪಕ್ಷದವರು 1981ರಲ್ಲಿ ಕಟ್ಟಿದ್ದು. ಆ ಸರ್ಕಾರ ಹೋದ ಮೇಲೆ ಕಿಟಕಿ ಗಾಜು, ತಾಮ್ರ ಎಲ್ಲ ಕಿತ್ತುಕೊಂಡು ಹೋಗಿದ್ದಾರೆ. ಒಳಗಿನ ಕಲ್ಲುಚೂರಿನ ಚಿತ್ರಗಳನ್ನು ಉಳಿಸಲು ಈಗ ಕೆಲಸ ನಡೆಯುತ್ತಿದೆ. ನಾವು ಹೊರಗಿಂದ ನೋಡಿ ಬಂದೆವು. ಗಾಳಿ ಎಷ್ಟಿತ್ತೆಂದರೆ ಹೆಂಡತಿ ನನ್ನ ಮಫ್ಲರ್ ಕಿತ್ತುಕೊಂಡಳು.

ಊರಿಗೆ ಬಂದ ಮೂರನೇ ದಿನ ಅಮ್ಮನ ಮುಂದೆ ಡ್ರಾಯಿಂಗ್ ಹಾಳೆ ಹಾಸಿದೆ. ಅವಳಿಗೆ ಈಗ 88. ಪೆನ್ಸಿಲ್ ಹಿಡಿದು ಕೇಳುತ್ತಾ ಹೋದೆ. ಹೊಳೆ ಯಾವ ಕಡೆ? ಸೂರ್ಯ ಎಲ್ಲಿ ಹುಟ್ಟುತ್ತಿದ್ದ? ಪಕ್ಕದ ಮನೆ ಎಷ್ಟು ಹೆಜ್ಜೆ? ಮೊದಲ ದಿನ ಬರೀ ಜಗಳ. ನಾನು ಮೇಲಿನಿಂದ ನೋಡಿದ ಹಾಗೆ ಬರೆಯುತ್ತೇನೆ, ಅವಳು ಜಗಲಿಯಲ್ಲಿ ಕೂತು ನೋಡಿದ ಹಾಗೆ ಹೇಳುತ್ತಾಳೆ. "ಬಾವಿ ಎಡಕ್ಕೆ" ಅಂದರೆ ಯಾರ ಎಡಕ್ಕೆ? ಎರಡನೇ ದಿನ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಳು. ಹಸೆ ಚಿತ್ತಾರ ಬರೆಯುವ ಕೈ ಅದು, ಅಳತೆಪಟ್ಟಿ ಇಲ್ಲದೆ ನೇರ ಗೆರೆ ಎಳೆಯುತ್ತದೆ, ಇವತ್ತಿಗೂ. ಅವಳು ಊರನ್ನು ಚಿತ್ತಾರದ ಹಾಗೆ ಬರೆದಳು. ಮನೆ ಮುಂದಿನಿಂದ, ತೋಟ ಸಾಲು ಸಾಲಾಗಿ, ಹೊಳೆ ಎರಡು ಎಳೆ. ನಮ್ಮ ಮನೆ ಬಿಟ್ಟು ಒಂಬತ್ತು ಮನೆ. ಒಂದೊಂದು ಮನೆ ಬರೆದಾಗಲೂ ಆ ಮನೆಯವರ ಹೆಸರು, ಆ ಮನೆಗೆ ಸೊಸೆಯಾಗಿ ಬಂದವಳ ತವರು. ಎಮ್ಮೆ ಮೀಯುವ ಗುಂಡಿ, ಭೂತನ ಕಟ್ಟೆ, ಮಾವಿನಮಿಡಿ ಮರ. ಅಪ್ಪೆಮಿಡಿ ಅದು, ಅಂಥಾ ಸೊನೆ ಮತ್ತೆ ಸಿಗಲಿಲ್ಲ ಅಂತ ಪ್ರತಿ ಸಲ ಹೇಳುತ್ತಾಳೆ. ನನ್ನ ಕಡೆಯಿಂದ ನಾನು ಅದನ್ನು ಇನ್ನೊಂದು ಹಾಳೆಯಲ್ಲಿ ನಕ್ಷೆ ಮಾಡಿದೆ. ನಮ್ಮ ಊರಿನವರೇ ಒಬ್ಬರು, ಎಂಬತ್ತೆರಡು ವರ್ಷ, ಈಗ ಭದ್ರಾವತಿ ಹತ್ತಿರ ಇದ್ದಾರೆ. ಅವರ ಮನೆಗೆ ತೆಗೆದುಕೊಂಡು ಹೋದೆ. ಬನ ತಪ್ಪು ಜಾಗದಲ್ಲಿದೆ ಅಂದರು. ಅಮ್ಮನಿಗೆ ಹೇಳಿದರೆ, "ಅವ್ನಿಗೆ ಎಂತ ಗೊತ್ತು, ಅವ್ನು ಬನದ ಕಡೆ ಬರೋಕೇ ಹೆದರ್ತಿದ್ದ" ಅಂದಳು. ಈಗ ನಕ್ಷೆಯಲ್ಲಿ ಎರಡು ಬನ ಇವೆ. ಇರಲಿ.

ನಾನು ಕೇಳುವುದು ಇಷ್ಟೇ. ಮುಳುಗಿದ ಪ್ರತಿ ಊರಿಗೆ ಹೀಗೆ ಒಂದು ಹಾಳೆ. ಮುಳುಗಡೆಯಾದವರು ಶಿವಮೊಗ್ಗ ಜಿಲ್ಲೆಯ ತುಂಬ ಚದುರಿದ್ದಾರೆ. ಹಕ್ಕುಪತ್ರದ ಹೋರಾಟ ಅವರ ಮೊದಲ ಕೆಲಸ, ಅದು ನನಗೆ ಗೊತ್ತು, ಅದರ ಬದಲಿಗೆ ಇದು ಅಂತ ನಾನು ಹೇಳುತ್ತಿಲ್ಲ. ಆದರೆ ಊರು ಕಣ್ಣಾರೆ ಕಂಡವರಿಗೆಲ್ಲ ಎಂಬತ್ತರ ಮೇಲಾಗಿದೆ. ನನ್ನ ವಯಸ್ಸಿನವರಿಗೆ ನೆನಪಿರುವುದು ಲಾರಿ ಮಾತ್ರ. ಇದಕ್ಕೆ ಯೋಜನೆ, ಅನುದಾನ, ಸಮಿತಿ ಅಂತ ಕಾಯುತ್ತಾ ಕೂತರೆ ಮುಗಿಯಿತು. ಹೈಸ್ಕೂಲು ಮಕ್ಕಳಿಗೆ ಪ್ರಾಜೆಕ್ಟ್ ಅಂತ ಕೊಡುತ್ತಾರಲ್ಲ, ಥರ್ಮೊಕೋಲಿನ ಜ್ವಾಲಾಮುಖಿ ಮಾಡಿಸುವ ಬದಲು ಅಜ್ಜಿಯ ಊರು ಬರೆದುಕೊಂಡು ಬಾ ಅನ್ನಲಿ. ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಕೊಡದೆ ಇದ್ದರೆ ಸಾಕು. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಪಂಚಾಂಗದ ಕಲ್ಲು, ಬಾವಿಯ ಕಟ್ಟೆ ಕಾಣುವ ಕಡೆ ಹೋಗಿ ಮೊಬೈಲಿನಲ್ಲಿ ಜಾಗದ ಗುರುತು ಹಾಕಿಕೊಂಡರೆ ಹಾಳೆಗೂ ನೆಲಕ್ಕೂ ತಾಳೆ ಆಗುತ್ತದೆ. ಸೆಲ್ಫಿ ತೆಗೆಯಲು ಹೋಗುವ ಹುಡುಗರೇ ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಜಾಗವೂ ಒಂದು ನೋಡಿಟ್ಟಿದ್ದೇನೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾಯಿತು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವ ಸಾಲು ಈಗ ಇಲ್ಲ. ಜನ ಸೇತುವೆ ಮೇಲೆ ಕಾರು ನಿಲ್ಲಿಸಿ ನೀರು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಹೋಗುತ್ತಾರೆ. ಆ ದಡದಲ್ಲಿ ಒಂದು ಮಾಡು. ಅದರ ಕೆಳಗೆ ಒಂದು ದೊಡ್ಡ ಮರದ ಹಲಗೆ. ಹಲಗೆಯ ಮೇಲೆ ಮುಳುಗುವ ಮುಂಚಿನ ಶರಾವತಿ ಕಣಿವೆ, ಊರೂರು, ಗುಡ್ಡ ತೋಟ ಸಮೇತ, ಸಾಗರ ಸೊರಬದ ಗುಡಿಗಾರರ ಕೈಯಲ್ಲಿ ಕೆತ್ತಿಸಿದ್ದು. ಊರಿನ ಹೆಸರು ಕನ್ನಡದಲ್ಲಿ. ಬೆರಳಿಟ್ಟು ಮುಟ್ಟಬಹುದಾದದ್ದು. ನೋಡುವವರು ತಲೆ ಎತ್ತಿದರೆ ಎದುರಿಗೆ ನೀರು. ನೀರಿನೊಳಗೆ ಗೋಡೆ ಕಟ್ಟುವಷ್ಟು ದುಡ್ಡು ಇದಕ್ಕೆ ಬೇಡ.

ಈ ಪತ್ರ ಓದಿದವರಲ್ಲಿ ಯಾರ ಮನೆಯಲ್ಲಾದರೂ ಮುಳುಗಡೆಗೆ ಮುಂಚಿನ ಫೋಟೊ ಇದ್ದರೆ, ಮದುವೆ ಫೋಟೊದ ಹಿಂದೆ ಗೋಡೆಯ ಚಿತ್ತಾರ ಅರ್ಧ ಕಂಡರೂ ಸಾಕು, ಸಂಪಾದಕರಿಗೆ ಒಂದು ಕಾಗದ ಬರೆಯಿರಿ. ಅವರು ನನಗೆ ತಲುಪಿಸುತ್ತಾರೆ ಅಂತ ನಂಬಿದ್ದೇನೆ. ಹಾಳೆ, ಪೆನ್ಸಿಲ್ ಹಿಡಿದು ನಾನೇ ಬರುತ್ತೇನೆ. ಬಸ್ ಹೋಗುವ ಊರು ಯಾವುದಾದರೂ ಸರಿ.

ಸಂಪಾದಕರೇ, ಪತ್ರವನ್ನು ಕತ್ತರಿಸುವುದಾದರೆ ಮೊಸರಿನ ಭಾಗ ಕತ್ತರಿಸಿ, ಬೇಜಾರಿಲ್ಲ. ಆದರೆ ಸ್ವಲ್ಪ ಬೇಗ ಹಾಕಿ. ನಿನ್ನೆ ಅಮ್ಮ ಹಾಳೆ ಮುಂದೆ ಕೂತು ಏಳನೇ ಮನೆಯ ಯಜಮಾನನ ಹೆಸರು ಬಹಳ ಹೊತ್ತು ಹುಡುಕಿದಳು. ಸಿಗಲಿಲ್ಲ. ಸದ್ಯಕ್ಕೆ ಆ ಮನೆಯ ಮೇಲೆ ಪೆನ್ಸಿಲಿನಲ್ಲಿ "ಕೊಳಲು ಊದುವವರು" ಅಂತ ಬರೆದಿದ್ದೇವೆ.

ಇಂತಿ,
ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸಾಗರ